ಮೇಜಿಲ್ಲದ ಕಡೆಯೂ ಆಡಬಹುದಾದ ಆಟಗಳು

ಆಟಿಕೆ ಅಂಗಡಿಗಳಲ್ಲಿ ‘ಟ್ರಾವೆಲ್’ ಎಂಬ ಹೆಸರು ಹೊತ್ತು ಮಾರಾಟವಾಗುವ ಆಟಗಳಲ್ಲಿ ಹೆಚ್ಚಿನವು ಮನೆಯಲ್ಲಿ ಆಡುವ ದೊಡ್ಡ ಆಟವನ್ನೇ ಅಂಗೈಯಗಲಕ್ಕೆ ಕುಗ್ಗಿಸಿದವು. ಮಣೆ ಚಿಕ್ಕದಾಗುತ್ತದೆ, ಕಾಯಿಗಳು ಬೆರಳಿಗೆ ಸಿಗದಷ್ಟು ಸಣ್ಣದಾಗುತ್ತವೆ, ಆದರೆ ಆಟ ಬೇಡುವ ಸಮಯ, ಏಕಾಗ್ರತೆ, ಅಲುಗಾಡದ ನೆಲ ಎಲ್ಲವೂ ಹಾಗೆಯೇ ಉಳಿಯುತ್ತವೆ. ಮಡಚಿಡುವ ಅಯಸ್ಕಾಂತದ ಚದುರಂಗವನ್ನೇ ನೋಡಿ. ಅಗ್ಗದ ಸೆಟ್ಟುಗಳಲ್ಲಿ ಅಯಸ್ಕಾಂತ ಎಷ್ಟು ದುರ್ಬಲವಾಗಿರುತ್ತದೆಂದರೆ ಬಸ್ಸು ಒಂದು ಹಂಪ್ ಹತ್ತಿ ಇಳಿಯುವಷ್ಟರಲ್ಲಿ ಆನೆ ಪಕ್ಕದ ಮನೆಗೆ ಸರಿದಿರುತ್ತದೆ. 32 ಕಾಯಿಗಳಲ್ಲಿ ಒಂದು ಸೀಟಿನಡಿಗೆ ಉರುಳಿಹೋದರೂ ಸೆಟ್ಟು ಊನವಾಗುತ್ತದೆ. ಹಾಗಾಗಿ ಇಂಥ ಸೆಟ್ಟುಗಳನ್ನು ನಾನು ಶಿಫಾರಸು ಮಾಡಲಾರೆ.

ಪ್ರಯಾಣದ ಆಟವನ್ನು ಡಬ್ಬಿಯ ಅಳತೆ ನೋಡಿ ಕೊಳ್ಳುವುದಕ್ಕಿಂತ, ಅದನ್ನು ಹರಡಲು ಎಷ್ಟು ಜಾಗ ಬೇಕು ಎಂದು ಕೇಳಿ ಕೊಳ್ಳುವುದು ಒಳ್ಳೆಯದು. ಜೇಬಿನಲ್ಲಿ ಹಿಡಿಯುವ ಎಷ್ಟೋ ಇಸ್ಪೀಟು ಬಗೆಯ ಆಟಗಳನ್ನು ಬಿಡಿಸಿಟ್ಟರೆ ಊಟದ ಮೇಜೇ ಸಾಲದು. ಎರಡನೆಯದಾಗಿ, ಆಟವನ್ನು ಯಾವ ಗಳಿಗೆಯಲ್ಲಾದರೂ ನಿಲ್ಲಿಸಿ ಮತ್ತೆ ಹಿಡಿಯಲು ಸಾಧ್ಯವಿರಬೇಕು. ಯಶವಂತಪುರದಿಂದ ಕಾರವಾರದ ಕಡೆಗೆ ಹಗಲು ರೈಲಿನಲ್ಲಿ ಹೋಗುವವರು ಸಕಲೇಶಪುರ ದಾಟಿ ಸುಬ್ರಹ್ಮಣ್ಯದ ಘಟ್ಟ ಇಳಿಯುವಾಗ ಕಿಟಕಿಯನ್ನು ಬಿಟ್ಟು ಕೈಯಲ್ಲಿರುವ ಎಲೆಗಳನ್ನು ನೋಡುತ್ತ ಕೂರುವುದು ನ್ಯಾಯವೂ ಅಲ್ಲ. ಮೂರನೆಯದಾಗಿ, ಒಂದು ಕಾಯಿ ಕಳೆದರೆ ಆಟವೇ ಸತ್ತುಹೋಗಬಾರದು. ಈ ಮೂರು ಅಳತೆಗೋಲುಗಳನ್ನು ಇಟ್ಟುಕೊಂಡು, ನಮ್ಮ ಮನೆಯವರು ರೈಲು, ಬಸ್ಸು, ಮಲೆನಾಡಿನ ಹೋಂಸ್ಟೇ ಮತ್ತು ಕರಾವಳಿಯ ಮರಳಿನ ಮೇಲೆ ಆಡಿ ನೋಡಿದ ಕೆಲವು ಆಟಗಳ ಬಗ್ಗೆ ಇಲ್ಲಿ ಬರೆದಿದ್ದೇನೆ.

ಇಬ್ಬರೇ ಹೋಗುವ ಪ್ರಯಾಣಕ್ಕೆ ಹೈವ್ ಪಾಕೆಟ್‌ಗಿಂತ ಉತ್ತಮವಾದುದು ನನ್ನ ಕಣ್ಣಿಗೆ ಬಿದ್ದಿಲ್ಲ. ಜಾನ್ ಯಿಯಾನಿ ರೂಪಿಸಿದ ಹೈವ್ ಆಟದ ಚಿಕ್ಕ ಆವೃತ್ತಿ ಇದು. ಇದಕ್ಕೆ ಮಣೆಯೇ ಇಲ್ಲ. ಆರು ಮೂಲೆಯ ಬಿಲ್ಲೆಗಳು ಒಂದಕ್ಕೊಂದು ತಾಗುತ್ತ ಹೋದಂತೆ ಅವುಗಳೇ ಮಣೆಯಾಗುತ್ತವೆ. ಒಬ್ಬೊಬ್ಬರಿಗೂ ಒಂದು ರಾಣಿ ಜೇನು, ಎರಡು ದುಂಬಿ, ಎರಡು ಜೇಡ, ಮೂರು ಮಿಡತೆ, ಮೂರು ಇರುವೆ. ದೊಡ್ಡ ಆವೃತ್ತಿಯಲ್ಲಿ ಮೂಲತಃ ಬೇರೆಯಾಗಿ ಕೊಳ್ಳಬೇಕಿದ್ದ ಸೊಳ್ಳೆ ಮತ್ತು ಗುಲಗಂಜಿ ಹುಳು ಇದರಲ್ಲಿ ಸೇರಿಯೇ ಬರುವುದರಿಂದ ಒಟ್ಟು 26 ಬಿಲ್ಲೆಗಳಾಗುತ್ತವೆ. ಎದುರಾಳಿಯ ರಾಣಿಯನ್ನು ಆರೂ ಕಡೆಯಿಂದ ಮುತ್ತಿದವರು ಗೆದ್ದಂತೆ. ಇರುವೆ ಗೂಡಿನ ಅಂಚಿನಗುಂಟ ಎಷ್ಟು ದೂರ ಬೇಕಾದರೂ ಓಡಬಲ್ಲದು, ಜೇಡಕ್ಕೆ ಸರಿಯಾಗಿ ಮೂರೇ ಹೆಜ್ಜೆ, ಮಿಡತೆ ಸಾಲಾಗಿರುವ ಬಿಲ್ಲೆಗಳ ಮೇಲಿಂದ ನೇರವಾಗಿ ಜಿಗಿಯುತ್ತದೆ, ದುಂಬಿ ಇನ್ನೊಂದು ಬಿಲ್ಲೆಯ ಬೆನ್ನೇರಿ ಅದನ್ನು ಅಲ್ಲಾಡದಂತೆ ಮಾಡುತ್ತದೆ. ರಾಣಿಯನ್ನು ನಾಲ್ಕನೆಯ ಸರದಿಯೊಳಗೆ ಇಳಿಸಲೇಬೇಕು, ಅವಳು ಇಳಿಯುವ ತನಕ ಬೇರೆ ಯಾವ ಹುಳುವನ್ನೂ ನಡೆಸುವಂತಿಲ್ಲ, ಮತ್ತು ಯಾವ ನಡೆಯಿಂದಲೂ ಗೂಡು ಎರಡಾಗಿ ಒಡೆಯಬಾರದು. ಈ ಕೊನೆಯ ನಿಯಮದಲ್ಲೇ ಆಟದ ಸೊಗಸೆಲ್ಲ ಇದೆ: ಎದುರಾಳಿಯ ಇರುವೆಯ ತುದಿಗೆ ನಮ್ಮದೊಂದು ಬಿಲ್ಲೆಯನ್ನು ಅಂಟಿಸಿದರೆ ಸಾಕು, ಅದು ಕದಲಿದರೆ ಗೂಡು ಒಡೆಯುವುದರಿಂದ, ಅಷ್ಟು ಹೊತ್ತು ಓಡಾಡುತ್ತಿದ್ದ ಇರುವೆ ಅಲ್ಲೇ ಕಟ್ಟಿಬೀಳುತ್ತದೆ.

ಪ್ರಯಾಣದ ದೃಷ್ಟಿಯಿಂದ ಇದರ ದೊಡ್ಡ ಗುಣವೆಂದರೆ ಬಿಲ್ಲೆಗಳ ತೂಕ. ಗೋಕರ್ಣದ ಕಡಲಗಾಳಿಯಲ್ಲಿ ಇಸ್ಪೀಟಿನ ಎಲೆ ಒಂದು ನಿಮಿಷವೂ ನಿಲ್ಲುವುದಿಲ್ಲ. ಈ ಬಿಲ್ಲೆಗಳು ಮರಳಿನ ಮೇಲೂ ಬಂಡೆಯ ಮೇಲೂ ಕದಲದೆ ಕೂರುತ್ತವೆ, ಚಹಾ ಚೆಲ್ಲಿದರೆ ನಲ್ಲಿಯ ಕೆಳಗೆ ಹಿಡಿದು ತೊಳೆದರಾಯಿತು. ಜೊತೆಯಲ್ಲಿ ಬರುವ ಬಟ್ಟೆಯ ಚೀಲ ಬೆನ್ನುಚೀಲದ ಸಣ್ಣ ಖಾನೆಯಲ್ಲಿ ಕೂರುತ್ತದೆ. ಬಿಲ್ಲೆಗಳ ಮೇಲೆ ಅಕ್ಷರವಿಲ್ಲ, ಚಿತ್ರವಷ್ಟೇ ಇರುವುದರಿಂದ ಇಂಗ್ಲಿಷ್ ಓದಲು ಬಾರದವರಿಗೂ ತೊಡಕಿಲ್ಲ. ಕೊರತೆಗಳೂ ಇವೆ. ಆಮದಾಗಿ ಬರುವ ಆಟವಾದ್ದರಿಂದ ಬೆಲೆ ಇಸ್ಪೀಟಿನ ಕಟ್ಟಿಗಿಂತ ಹಲವು ಪಟ್ಟು ಹೆಚ್ಚು. ಓಡುವ ಬಸ್ಸಿನಲ್ಲಿ ಇದನ್ನು ಆಡಲಾಗದು, ಏಕೆಂದರೆ ಗೂಡು ಜಾರಿದರೆ ಮತ್ತೆ ಜೋಡಿಸಲು ಇಬ್ಬರಿಗೂ ಅದರ ಆಕಾರ ನೆನಪಿರಬೇಕು. ಅನುಭವಿಯೂ ಹೊಸಬರೂ ಎದುರುಬದುರು ಕೂತರೆ ಹೊಸಬರು ಸತತವಾಗಿ ಸೋಲುತ್ತಾರೆ. ಅದೃಷ್ಟಕ್ಕೆ ಇಲ್ಲಿ ಜಾಗವೇ ಇಲ್ಲ.

ರಾತ್ರಿ ರೈಲಿಗೆ ಬೇರೆಯೇ ಆಟ ಬೇಕು. ಎದುರಿನ ಬರ್ತಿನಲ್ಲಿ ಯಾರೋ ಮಲಗಿರುತ್ತಾರೆ, ನಮ್ಮ ಮಕ್ಕಳಿಗೆ ಮಾತ್ರ ನಿದ್ದೆ ಬಂದಿರುವುದಿಲ್ಲ. ವೋಲ್ಫ್‌ಗಾಂಗ್ ವಾರ್ಷ್ 2018ರಲ್ಲಿ ತಂದ ದಿ ಮೈಂಡ್ ಎಂಬ ಆಟ ಆ ಹೊತ್ತಿಗೆಂದೇ ಮಾಡಿದಂತಿದೆ. ಒಂದರಿಂದ ನೂರರವರೆಗೆ ಸಂಖ್ಯೆ ಬರೆದ ಎಲೆಗಳು, ಇಬ್ಬರಿಂದ ನಾಲ್ವರ ತನಕ ಆಟಗಾರರು, ಎಲ್ಲರದೂ ಒಂದೇ ಪಕ್ಷ. ಮೊದಲ ಹಂತದಲ್ಲಿ ತಲಾ ಒಂದು ಎಲೆ, ಎರಡನೆಯದರಲ್ಲಿ ಎರಡು, ಹೀಗೆ ಏರುತ್ತ ಹೋಗುತ್ತದೆ. ಎಲ್ಲರ ಕೈಯಲ್ಲಿರುವ ಎಲೆಗಳೂ ಏರಿಕೆಯ ಕ್ರಮದಲ್ಲೇ ನಡುವಿಗೆ ಬೀಳಬೇಕು, ಆದರೆ ಮಾತಾಡುವಂತಿಲ್ಲ, ಸನ್ನೆ ಮಾಡುವಂತಿಲ್ಲ, ಸರದಿಯೂ ಇಲ್ಲ. ಕೈಯಲ್ಲಿ 34 ಇರುವವರು ಎಷ್ಟು ಹೊತ್ತು ಕಾಯಬೇಕು ಎಂಬುದನ್ನು ಎದುರಿದ್ದವರ ಮುಖ ನೋಡಿಯೇ ಅಂದಾಜಿಸಬೇಕು. ಅಕ್ಕ ತನ್ನ 33ನ್ನು ಇಟ್ಟ ಮರುಕ್ಷಣವೇ ತಮ್ಮ 34ನ್ನು ಇಟ್ಟಾಗ ಇಬ್ಬರೂ ಬಾಯಿ ಮುಚ್ಚಿಕೊಂಡು ನಗುವುದನ್ನು ನೋಡುವುದೇ ಒಂದು ಸಂತೋಷ. ಜಾಗ ಬೇಕಾದದ್ದು ಒಂದು ಎಲೆಗೆಟುಕುವಷ್ಟು ಮಾತ್ರ. ಮಡಚಿಟ್ಟ ಹೊದಿಕೆಯ ಮೇಲೂ ನಡೆಯುತ್ತದೆ. ಅಂಕಿ ಬಲ್ಲ ಮಗುವಿನಿಂದ ಹಿಡಿದು ಅಜ್ಜನವರೆಗೆ ಎಲ್ಲರೂ ಆಡಬಹುದು. ದಿನವೆಲ್ಲ ಆಡುವ ಆಟವಲ್ಲ, ಒಂದು ಕೂರುವಿಕೆಗೆ ಸಾಕು. ಆದರೆ ಆ ಒಂದು ಕೂರುವಿಕೆಯಷ್ಟು ಸುಖವನ್ನು ಕೊಟ್ಟ ಎಲೆಯಾಟ ನನಗೆ ಬೇರೆ ಗೊತ್ತಿಲ್ಲ.

ಸೇಜಿ ಕನಾಯ್ ರೂಪಿಸಿದ ಲವ್ ಲೆಟರ್ ಇನ್ನೂ ಚಿಕ್ಕದು. 2012ರ ಮೊದಲ ಆವೃತ್ತಿಯಲ್ಲಿ ಹದಿನಾರೇ ಎಲೆ; 2019ರಲ್ಲಿ ಬಂದ ಆವೃತ್ತಿಯಲ್ಲಿ 21 ಎಲೆಗಳಿದ್ದು ಆರು ಜನ ಆಡಬಹುದು. ಕೈಯಲ್ಲೊಂದು ಎಲೆ, ಎತ್ತುವುದೊಂದು, ಹಾಕುವುದೊಂದು. ಯಾವ ಘಟ್ಟದಲ್ಲಿ ನಿಲ್ಲಿಸಿದರೂ ನಷ್ಟವಿಲ್ಲ, ಏಕೆಂದರೆ ಒಂದು ಸುತ್ತು ಕೆಲವೇ ನಿಮಿಷದ್ದು. ಎಲೆಗಳ ಮೇಲೆ ಇಂಗ್ಲಿಷಿನಲ್ಲಿ ಸೂಚನೆಗಳಿರುವುದು ಹಿರಿಯರಿಗೆ ಮೊದಲಿಗೆ ಕಷ್ಟವಾಗುತ್ತದೆ. ಎಲೆಗಳಲ್ಲಿರುವ ಪಾತ್ರಗಳು ಕೆಲವೇ ಆದ್ದರಿಂದ ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟರೆ ಕೆಲಸ ಸುಗಮ.

ಚಿಕ್ಕ ಮಕ್ಕಳಿದ್ದರೆ ಡಾಬಲ್ ತೆಗೆದುಕೊಳ್ಳಿ; ಕೆಲವು ದೇಶಗಳಲ್ಲಿ ಇದಕ್ಕೆ ಸ್ಪಾಟ್ ಇಟ್ ಎಂದು ಹೆಸರು. ದುಂಡನೆಯ ತಗಡಿನ ಡಬ್ಬಿಯಲ್ಲಿ 55 ದುಂಡು ಎಲೆಗಳು, ಪ್ರತಿ ಎಲೆಯಲ್ಲೂ ಎಂಟು ಚಿತ್ರಗಳು, ಯಾವ ಎರಡು ಎಲೆಗಳನ್ನು ಎತ್ತಿಕೊಂಡರೂ ಅವುಗಳ ನಡುವೆ ಸರಿಯಾಗಿ ಒಂದೇ ಚಿತ್ರ ಸಮಾನ. ಗಣಿತ ಬಲ್ಲವರಿಗೆ ಇದರ ಹಿಂದಿರುವ ಜೋಡಣೆಯೇ ಒಂದು ಬೆರಗು: ಒಟ್ಟು 57 ಚಿತ್ರಗಳಿಂದ ಇಂಥ 57 ಎಲೆಗಳನ್ನು ಮಾಡಬಹುದು. ಸಮಾನ ಚಿತ್ರವನ್ನು ಮೊದಲು ಕಂಡವರು ಅದರ ಹೆಸರನ್ನು ಕೂಗಬೇಕು. ಯಾವ ಭಾಷೆಯಲ್ಲಿ ಕೂಗಿದರೂ ನಡೆಯುವುದರಿಂದ ಆಮೆ, ಬೀಗ, ಮೇಣದಬತ್ತಿ ಎಂದು ಮಕ್ಕಳು ಕನ್ನಡದಲ್ಲಿ ಕೂಗುತ್ತ ಆಡುವುದು ಹಿತವಾಗಿರುತ್ತದೆ. ಈ ಕೂಗಿನಿಂದಾಗಿಯೇ ಇದು ಸ್ಲೀಪರ್ ಬಸ್ಸಿಗೆ ಹೊಂದುವುದಿಲ್ಲ. ಮಾರುಕಟ್ಟೆಯಲ್ಲಿ ತೆಳು ಕಾಗದದ ನಕಲಿಗಳೂ ಇವೆ, ಅವುಗಳ ಅಂಚು ಬಲುಬೇಗ ಮುದುಡುತ್ತದೆ.

ಬಂಧುಬಳಗವೆಲ್ಲ ಸೇರಿ ಹೋಂಸ್ಟೇಯೊಂದರಲ್ಲಿ ತಂಗಿದಾಗ ಹತ್ತು ಜನರ ತನಕ ಕೂರಿಸಬಲ್ಲ ಆಟವೆಂದರೆ ವೋಲ್ಫ್‌ಗಾಂಗ್ ಕ್ರಾಮರ್ ಅವರ 6 ನಿಮ್ಟ್. 1994ರಷ್ಟು ಹಳೆಯದಾದರೂ ಸವೆದಿಲ್ಲ. 104 ಎಲೆಗಳಿಂದ ತಲಾ ಹತ್ತು ಹಂಚಿ, ನಡುವಿನ ನಾಲ್ಕು ಸಾಲುಗಳಿಗೆ ಎಲ್ಲರೂ ಏಕಕಾಲಕ್ಕೆ ಒಂದೊಂದು ಎಲೆ ಸೇರಿಸುತ್ತ ಹೋಗಬೇಕು. ಸಾಲಿನ ಆರನೆಯ ಎಲೆ ಯಾರದೋ ಅವರು ಆ ಸಾಲನ್ನೆಲ್ಲ ದಂಡವಾಗಿ ಎತ್ತಿಕೊಳ್ಳಬೇಕು. ಡಬ್ಬಿ ಚಿಕ್ಕದು, ಆದರೆ ಐದೈದು ಎಲೆಗಳ ನಾಲ್ಕು ಸಾಲಿಗೆ ಒಳ್ಳೆಯ ಮೇಜೋ ಜಮಖಾನವೋ ಬೇಕು. ಹಾಗಾಗಿ ಇದು ತಲುಪಿದ ಮೇಲೆ ಆಡುವ ಆಟ. ಊನೊ ಎಲ್ಲೆಡೆ ಸಿಗುತ್ತದೆ, ಎಲ್ಲರಿಗೂ ಗೊತ್ತಿದೆ, ಆದರೆ ಯಾವಾಗ ಮುಗಿಯುತ್ತದೆಂದು ಹೇಳಲಾಗದ ಆಟವನ್ನು ಇಳಿಯುವ ನಿಲ್ದಾಣ ಹತ್ತಿರವಾಗುತ್ತಿರುವಾಗ ಬಿಚ್ಚದಿರುವುದು ಲೇಸು.

ಮಾಮೂಲಿ ಇಸ್ಪೀಟಿನ ಕಟ್ಟನ್ನು ಮರೆಯುವಂತಿಲ್ಲ. ಇಪ್ಪತ್ತೆಂಟು, ರಮ್ಮಿ, ಕತ್ತೆ, ಬ್ಲಫ್ ಎಂದು 52 ಎಲೆಗಳಲ್ಲಿ ಎಷ್ಟೋ ಆಟಗಳು ಅಡಗಿವೆ. ತುರುಫು ಕೂಗಿ ಆಡುವ ಇಪ್ಪತ್ತೆಂಟನ್ನು ನಾಲ್ವರು ಬಲ್ಲವರು ಸಿಕ್ಕರೆ ಹೊಸ ಆಟಗಳಾವುವೂ ಬೇಕಿಲ್ಲ ಎಂಬುದು ನನ್ನ ಗಟ್ಟಿಯಾದ ನಂಬಿಕೆ. ಎಲೆ ಹಿಡಿದು ಕೂತರೆ ಜೂಜೆಂದೇ ಭಾವಿಸುವ ಹಿರಿಯರು ಇನ್ನೂ ಅನೇಕ ಮನೆಗಳಲ್ಲಿದ್ದಾರೆ. ಅಂಥವರು ಜೊತೆಗಿರುವಾಗ ಅವರ ಮನಸ್ಸನ್ನು ನೋಯಿಸಿ ಆಡಬೇಕಾಗಿಲ್ಲ, ಬೇರೆ ಆಟಗಳು ಬೇಕಾದಷ್ಟಿವೆ.

ಆ ಬೇರೆ ಆಟಗಳಲ್ಲಿ ಮೊದಲನೆಯದು ಚೌಕಾಬಾರ. ಬಟ್ಟೆಯ ಮೇಲೆ ಮನೆಗಳನ್ನು ಮುದ್ರಿಸಿ ಅಥವಾ ಹೊಲಿದು, ನಾಲ್ಕು ಕವಡೆ ಮತ್ತು ಹದಿನಾರು ಕಾಯಿಗಳ ಜೊತೆ ಪುಟ್ಟ ಚೀಲದಲ್ಲಿ ಮಾರುವ ಸೆಟ್ಟುಗಳು ಈಗ ಕರಕುಶಲ ಮಳಿಗೆಗಳಲ್ಲಿ ಸುಲಭವಾಗಿ ದೊರೆಯುತ್ತವೆ. ಐದೈದು ಸಾಲಿನ 25 ಮನೆಗಳು; ಹೊರಸುತ್ತಿನ ಹದಿನಾರನ್ನು ಬಳಸಿ, ಒಳಸುತ್ತಿನ ಎಂಟರಲ್ಲಿ ಎದುರು ದಿಕ್ಕಿಗೆ ತಿರುಗಿ, ನಡುಮನೆ ಸೇರಿದ ಕಾಯಿ ಹಣ್ಣಾಗುತ್ತದೆ. ನಾಲ್ಕೂ ಕವಡೆ ಅಂಗಾತ ಬಿದ್ದರೆ ನಾಲ್ಕು, ನಾಲ್ಕೂ ಬೋರಲಾದರೆ ಎಂಟು, ಎರಡಕ್ಕೂ ಇನ್ನೊಂದು ಸಲ ಹಾಕುವ ಹಕ್ಕು. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬ ನಿಯಮವಿರುವುದರಿಂದ, ಗಡಿಬಿಡಿಯಿಂದ ಓಡುವವರಿಗಿಂತ ಕಟ್ಟೆಯಲ್ಲಿ, ಅಂದರೆ ಕಾಯಿ ಕಡಿಯಲಾಗದ ಮನೆಯಲ್ಲಿ, ಕೂತು ಸಮಯ ನೋಡುವವರು ಗೆಲ್ಲುತ್ತಾರೆ. ಅದೃಷ್ಟವೂ ಲೆಕ್ಕಾಚಾರವೂ ಹದವಾಗಿ ಬೆರೆತಿರುವ ಕಾರಣ ಏಳು ವರ್ಷದ ಮೊಮ್ಮಗಳು ಅಜ್ಜಿಯನ್ನು ಸೋಲಿಸುವ ಸಾಧ್ಯತೆ ಯಾವಾಗಲೂ ಇದ್ದೇ ಇರುತ್ತದೆ, ಹೈವ್‌ನಲ್ಲಿ ಅದಿಲ್ಲ.

ರೈಲಿನ ಬರ್ತಿನ ಮೇಲೆ ಕವಡೆ ಹಾಕಿದರೆ ಸಂದಿಗೆ ಜಾರುತ್ತದೆ ಎಂಬ ದೂರಿಗೆ ನಮ್ಮ ಅತ್ತೆಯವರು ಕಂಡುಕೊಂಡ ಉಪಾಯ, ತಿಂಡಿಯ ಸ್ಟೀಲ್ ಡಬ್ಬಿಯ ಮುಚ್ಚಳದಲ್ಲಿ ಒಂದು ಕರವಸ್ತ್ರ ಹಾಸಿ ಅದರೊಳಗೆ ಕವಡೆ ಹಾಕುವುದು. ಸದ್ದೂ ಇಲ್ಲ, ಉರುಳುವುದೂ ಇಲ್ಲ. ಕವಡೆ ಕಳೆದರೆ ಹುಣಸೆಬೀಜವನ್ನು ಒಂದು ಮಗ್ಗುಲು ಬಿಳಿಯಾಗುವವರೆಗೆ ಕಲ್ಲಿಗೆ ತೇದರೆ ಬದಲಿ ಸಿದ್ಧ. ಕಾಯಿಗೆ ಅಂಗಿಯ ಗುಂಡಿಯೂ ಆದೀತು. ಕಳೆದುಹೋಗುವುದಕ್ಕೆ ಇಷ್ಟು ನಿರ್ಭಯವಾದ ಆಟ ಈ ಪಟ್ಟಿಯಲ್ಲಿ ಇನ್ನೊಂದಿಲ್ಲ. ಕೊಳ್ಳುವಾಗ ಮಾತ್ರ ಬಟ್ಟೆಯನ್ನು ಪರೀಕ್ಷಿಸಬೇಕು. ನಾವು ಮೊದಲು ತಂದ ಸೆಟ್ಟಿನ ಮೇಲೆ ನೀರಿನ ಬಾಟಲಿ ಉರುಳಿದಾಗ ಕೆಂಪು ಬಣ್ಣ ಬಿಟ್ಟು ಅರ್ಧ ಮನೆಗಳ ಗೆರೆಯೇ ಅಳಿಸಿಹೋಯಿತು. ಬಣ್ಣ ನಿಲ್ಲುತ್ತದೆಂದು ಭರವಸೆ ಕೊಟ್ಟಿದ್ದ ಅಂಗಡಿಯವರು ಬದಲಾಯಿಸಿಕೊಡಲಿಲ್ಲ. ಆಮೇಲೆ ಕೊಂಡದ್ದು ದಪ್ಪ ಬಟ್ಟೆಯ ಮೇಲೆ ದಾರದಿಂದ ಗೆರೆ ಹೊಲಿದದ್ದು. ಅದು ಸುಕ್ಕಾಗುವುದಿಲ್ಲ, ಒಗೆದರೂ ಕೆಡುವುದಿಲ್ಲ. ಅರಗಿನ ಬಣ್ಣದ ಚನ್ನಪಟ್ಟಣದ ಕಾಯಿಗಳಿರುವ ಸೆಟ್ಟು ನೋಡಲು ಬಲು ಚೆಂದ. ಗುಂಡಗಿರುವ ಕಾಯಿಗಳು ಓಡುವ ಗಾಡಿಯಲ್ಲಿ ನಿಲ್ಲುವುದಿಲ್ಲವಾದ್ದರಿಂದ ತಳ ಚಪ್ಪಟೆಯಾಗಿರುವುದನ್ನೇ ಆರಿಸಿ.

ಹುಲಿ-ಕುರಿ ಆಟಕ್ಕೆ ಕೊಳ್ಳಬೇಕಾದದ್ದೂ ಇಲ್ಲ. ಮೂರು ಹುಲಿ, ಹದಿನೈದು ಕುರಿ, 23 ಕೂಡುಬಿಂದುಗಳ ಮುಮ್ಮೂಲೆಯ ಮಣೆ. ಕಾಗದದ ಮೇಲೆ ಗೆರೆ ಎಳೆದು ಎರಡು ಬಗೆಯ ಕಲ್ಲು ಹೆಕ್ಕಿಕೊಂಡರೆ ಆಯಿತು. ಹಂಪಿಯ ಮಂಟಪಗಳ ನೆಲಹಾಸಿನಲ್ಲಿ ಕೊರೆದಿರುವ ಇಂಥ ಆಟದ ಗೆರೆಗಳನ್ನು ಮಕ್ಕಳಿಗೆ ತೋರಿಸಿ, ಆಮೇಲೆ ತಂಗಿರುವಲ್ಲಿಗೆ ಬಂದು ಆಡಿಸಿದರೆ ಅವರಿಗೆ ಆ ಜಾಗ ಇನ್ನಷ್ಟು ಹತ್ತಿರವಾಗುತ್ತದೆ. ಸ್ಮಾರಕದ ಕಲ್ಲಿನ ಮೇಲೆ ಬಳಪದಿಂದ ಗೆರೆ ತಿದ್ದುವುದು ಮಾತ್ರ ಕೂಡದು. ಎಲ್ಲ ಕುರಿಗಳೂ ಇಳಿಯುವ ತನಕ ಒಂದನ್ನೂ ನಡೆಸುವಂತಿಲ್ಲದ್ದರಿಂದ ಕುರಿಯ ಪಕ್ಷಕ್ಕೆ ತಾಳ್ಮೆ ಬೇಕು. ಮೊದಲ ಬಾರಿ ಆಡುವವರಿಗೆ ಹುಲಿಗಳನ್ನು ಕೊಡುವುದು ಒಳ್ಳೆಯದು.

ಎಲೆಯಾಟಗಳನ್ನು ಒಯ್ಯುವವರಿಗೆ ಕಟ್ಟುವ ಕ್ರಮದ ಬಗ್ಗೆ ಎರಡು ಮಾತು. ಕರಾವಳಿಯ ಸೆಕೆಯಲ್ಲಿ ಕಾಗದದ ಎಲೆಗಳು ಬೆವರಿನ ಕೈಗೆ ಅಂಟಿ, ಒಂದೇ ಮಧ್ಯಾಹ್ನದಲ್ಲಿ ಬಾಗಿಬಿಡುತ್ತವೆ. ಇಸ್ಪೀಟಾದರೆ ಪೂರ್ತಿ ಪ್ಲಾಸ್ಟಿಕ್ಕಿನದನ್ನೇ ಕೊಳ್ಳಿ, ಮಿಕ್ಕವಕ್ಕೆ ಎಲೆಗೊಂದರಂತೆ ತೊಡಿಸುವ ಪಾರದರ್ಶಕ ಕವರುಗಳು ಸಿಗುತ್ತವೆ. ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದರೆ ಮೇಲಿನ ಮತ್ತು ಕೆಳಗಿನ ಎಲೆಗಳ ಅಂಚಿನಲ್ಲಿ ಕಚ್ಚು ಬೀಳುತ್ತದೆ, ಆ ಗುರುತು ಹಿಡಿದು ಎಲೆಯನ್ನೇ ಗುರುತಿಸಬಹುದಾದ್ದರಿಂದ ಆಟ ಕೆಡುತ್ತದೆ. ಮುಚ್ಚಳ ಬಿಗಿಯಾಗಿರುವ ಪ್ಲಾಸ್ಟಿಕ್ ಸೋಪಿನ ಡಬ್ಬಿಯಲ್ಲಿ ಒಂದು ಕಟ್ಟು ಸರಿಯಾಗಿ ಕೂರುತ್ತದೆ; ನಿಯಮಗಳ ಕಾಗದವನ್ನು ಮನೆಯಲ್ಲೇ ಬಿಟ್ಟು, ಅದರ ಚಿತ್ರವನ್ನು ಫೋನಿನಲ್ಲಿ ತೆಗೆದಿಟ್ಟುಕೊಂಡರೆ ನೆಟ್‌ವರ್ಕ್ ಇಲ್ಲದ ಘಟ್ಟದ ಊರಿನಲ್ಲೂ ಜಗಳ ಬಗೆಹರಿಸಬಹುದು.