ಮನೆಯ ಸಂಗೀತ ಕಛೇರಿಗೆ ತಿಂಡಿ ತಟ್ಟೆ: ಗಾಂಧಿ ಬಜಾರ್ ಸುತ್ತ ಏನು ತಗೋಬೇಕು, ಏನು ಬಿಡಬೇಕು

ಮೊದಲೇ ಹೇಳಿಬಿಡುತ್ತೇನೆ. ವಾರಾಂತ್ಯಕ್ಕೆ ಮನೆಗೆ ಜನ ಬರುತ್ತಾರೆ, ಕೈಯಲ್ಲಿ ಎತ್ತಿಕೊಂಡು ತಿನ್ನುವಂಥ ತಿಂಡಿ ತಟ್ಟೆಯಲ್ಲಿ ಜೋಡಿಸಿ ಇಡಬೇಕು ಅಂದರೆ, ಬಸವನಗುಡಿಯ ಗಾಂಧಿ ಬಜಾರ್ ಮತ್ತು ಹತ್ತಿರದ ವಿ.ವಿ. ಪುರಂ ಸಾಕು. ಒಣ ತಿಂಡಿ ಎಲ್ಲಾ ಅಲ್ಲಿಂದ ತನ್ನಿ. ಹಸಿದನ್ನು ಮಾತ್ರ ಮನೆಯಲ್ಲಿ ಮಾಡಿ, ಅದೂ ಕೊನೇ ಗಳಿಗೆಯಲ್ಲಿ. ಎರಡನ್ನೂ ಮುಂಚೆಯೇ ಒಟ್ಟಿಗೆ ಸೇರಿಸಿಡಬೇಡಿ. ಒಳ್ಳೇ ತಟ್ಟೆಗೂ ಕೆಟ್ಟ ತಟ್ಟೆಗೂ ಇರುವ ವ್ಯತ್ಯಾಸ ಹೆಚ್ಚುಕಮ್ಮಿ ಇಷ್ಟೇ.

ನಮ್ಮ ಮನೆ ಶ್ರೀನಗರದಲ್ಲಿ. ತಂಗಿ ವೀಣೆ ಹೇಳಿಕೊಡುತ್ತಾಳೆ. ಆಗಾಗ ಶನಿವಾರ ಸಂಜೆ ನಡುಮನೆಯಲ್ಲೇ ಸಣ್ಣದೊಂದು ಕಛೇರಿ ಇರುತ್ತದೆ. ಜಮಖಾನ ಹಾಸಿದರೆ 20–25 ಜನ ಕೂರಬಹುದು. ಮಧ್ಯದಲ್ಲಿ ಅರ್ಧ ಗಂಟೆ ಬಿಡುವು. ಟೇಬಲ್ ಇಲ್ಲ, ಎಲ್ಲರೂ ನೆಲದ ಮೇಲೆ. ಒಂದು ಕೈಯಲ್ಲಿ ಕಾಫಿ ಲೋಟ ಇರುತ್ತದೆ, ತಿಂಡಿಗೆ ಉಳಿಯುವುದು ಇನ್ನೊಂದು ಕೈ ಮಾತ್ರ. ಎರಡು ಬಾಯಿಗೆ ಮುಗಿಯದೇ ಇರುವುದು ಯಾವುದೂ ಅಲ್ಲಿ ನಡೆಯುವುದಿಲ್ಲ. ಬಿಡುವಾದ ಮೇಲೆ ಮಕ್ಕಳು ಮತ್ತೆ ವೀಣೆ ಮುಟ್ಟಬೇಕಲ್ವಾ, ಹಾಗಾಗಿ ಬೆರಳಿಗೆ ಎಣ್ಣೆ ಮೆತ್ತಿಕೊಳ್ಳಲೂ ಬಾರದು. ಈ ಕಣ್ಣಿನಿಂದಲೇ ನಾನು ಪ್ರತಿಯೊಂದು ತಿಂಡಿಯನ್ನೂ ನೋಡುತ್ತೇನೆ.

ರೆಡಿ ಪ್ಲಾಟರ್ ತರಿಸಿದರೆ ಸುಲಭ ಅಲ್ವಾ ಅಂತ ಕೇಳುವವರಿದ್ದಾರೆ. ತರಿಸಿದ್ದೆವು. ಆ ಕಂಪನಿಯ ಹೆಸರು ಬೇಡ. ಹತ್ತು ಜನರಿಗೆ ಸಾಕಾಗುವ ಒಂದು ಡಬ್ಬಕ್ಕೆ 2,400 ರೂಪಾಯಿ. ಪುಟ್ಟ ಸಮೋಸ, ನಗೆಟ್ಸ್, ಕಡ್ಡಿ ಚುಚ್ಚಿದ ಚೀಸ್ ತುಂಡು, ತ್ರಿಕೋನ ಸ್ಯಾಂಡ್‌ವಿಚ್. ಫೋಟೋದಲ್ಲಿ ಚೆನ್ನಾಗಿತ್ತು. ಬಿಸಿಬಿಸಿ ಕರಿದದ್ದನ್ನು ಮುಚ್ಚಳ ಹಾಕಿ ಕಳಿಸಿದ್ದರು. ಒಳಗೆ ಹಬೆ ಕಟ್ಟಿ, ಮುಚ್ಚಳದಿಂದ ನೀರು ತೊಟ್ಟಿಕ್ಕಿ, ಸಮೋಸದ ಮೇಲುಪದರ ಬಟ್ಟೆಯಂತೆ ಮೆತ್ತಗಾಗಿತ್ತು. ಪುದೀನ ಚಟ್ನಿ ಸ್ಯಾಂಡ್‌ವಿಚ್ಚಿಗೆ ಹರಿದಿತ್ತು. ಅಡುಗೆಯವರ ಕೈ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಕರಿದದ್ದು, ಹಸಿಯದು, ಬ್ರೆಡ್ಡು ಮೂರನ್ನೂ ಒಂದೇ ಡಬ್ಬದಲ್ಲಿಟ್ಟು ಊರಿನ ಟ್ರಾಫಿಕ್ಕಿನಲ್ಲಿ ಒಂದು ಗಂಟೆ ಸುತ್ತಿಸಿದರೆ ಯಾರು ಮಾಡಿದರೂ ಹಾಗೇ ಆಗುತ್ತದೆ.

ಈಗ ನಾನು ಹೋಗುವ ಅಂಗಡಿಗಳ ವಿಷಯ. ಶುರು ಸುಬ್ಬಮ್ಮನ ಅಂಗಡಿಯಿಂದ. ಗಾಂಧಿ ಬಜಾರಿನಲ್ಲಿ 1948ರಿಂದ ಇರುವ ಅಂಗಡಿ ಇದು. ಹೊಸಬರಿಗೆ ಹೇಳುವುದಾದರೆ ಚಕ್ಕುಲಿ, ನಿಪ್ಪಟ್ಟು, ಕೋಡುಬಳೆ, ಹುರಿಗಾಳು, ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಎಲ್ಲಾ ಒಂದೇ ಸೂರಿನಡಿ ಸಿಗುತ್ತದೆ. ತಟ್ಟೆ ಜೋಡಿಸುವ ಲೆಕ್ಕದಲ್ಲಿ ನನ್ನ ಮೊದಲ ಆಯ್ಕೆ ಕೋಡುಬಳೆ. ಬಳೆ ಆಕಾರ, ಹಿಡಿಯಲು ಸಲೀಸು, ಪುಡಿ ಉದುರುವುದು ಕಡಿಮೆ. ಮಕ್ಕಳು ಬೆರಳಿಗೆ ಹಾಕಿಕೊಂಡೇ ತಿನ್ನುತ್ತಾರೆ. ಕಛೇರಿಗೆ ಬರುವ ಹಿರಿಯರೊಬ್ಬರು ಹಲ್ಲಿನ ತೊಂದರೆ ಇದ್ದರೂ ಕೋಡುಬಳೆಯನ್ನು ಮಾತ್ರ ಬಿಡುವುದಿಲ್ಲ. ಕಾಫಿಯಲ್ಲಿ ಅದ್ದಿಕೊಳ್ಳುತ್ತಾರೆ.

ಚಕ್ಕುಲಿ ರುಚಿಗೆ ನನ್ನ ತಕರಾರಿಲ್ಲ. ಆದರೆ ನೆಲದ ಮೇಲೆ ಕೂರುವ ಮನೆಗೆ ಬೇಡ. ಒಂದು ಕಡಿತಕ್ಕೆ ನಾಲ್ಕು ಚೂರಾಗುತ್ತದೆ, ಅದರಲ್ಲಿ ಎರಡು ಜಮಖಾನದ ಪಾಲು. ಅವಲಕ್ಕಿ ಮಿಕ್ಸ್ಚರ್ ಕೂಡ ಹಾಗೇ. ಅದು ಬಟ್ಟಲಿನ ತಿಂಡಿ, ತಟ್ಟೆಯದಲ್ಲ. ಚಕ್ಕುಲಿ ಇರಲೇಬೇಕು ಅನ್ನುವವರು ತೇಂಗೊಳಲು ತಗೊಳ್ಳಿ. ಬೆರಳುದ್ದಕ್ಕೆ ಮೊದಲೇ ಮುರಿದು ಇಡಬಹುದು, ಬಾಯಲ್ಲೂ ಬೇಗ ಕರಗುತ್ತದೆ.

ನಿಪ್ಪಟ್ಟಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಯಾಕಂದರೆ ಬೆಂಗಳೂರಿನ ತಟ್ಟೆಗೆ ಬೆಂಗಳೂರಿನದೇ ಅನ್ನುವ ರುಚಿ ಕೊಡುವುದು ಮಸಾಲೆ ನಿಪ್ಪಟ್ಟು. ಚೀಸ್ ಇಟ್ಟ ಬಿಸ್ಕತ್ತು ಮಾಡುವ ಕೆಲಸವನ್ನೇ ಇದು ಮಾಡುತ್ತದೆ, ಇನ್ನೂ ಚೆನ್ನಾಗಿ ಮಾಡುತ್ತದೆ. ಸಣ್ಣ ಅಳತೆಯ ನಿಪ್ಪಟ್ಟನ್ನೇ ಕೇಳಿ ತಗೊಳ್ಳಿ. ಅಂಗೈಯಗಲದ್ದಾದರೆ ಅರ್ಧ ಕಡಿಯುವಷ್ಟರಲ್ಲಿ ಮೇಲಿನ ಕ್ಯಾರೆಟ್ ಮಡಿಲಲ್ಲಿರುತ್ತದೆ. ಪುದೀನ, ಕೊತ್ತಂಬರಿ, ಹಸಿಮೆಣಸಿನಕಾಯಿ ಹಾಕಿ ಗಟ್ಟಿ ಚಟ್ನಿ ರುಬ್ಬಿ. ನೀರು ಆದಷ್ಟೂ ಕಡಿಮೆ ಇರಲಿ. ನೀರಿನ ಬದಲು ಒಂದು ಚಮಚ ಹುರಿಗಡಲೆ ಹಾಕಿದರೆ ಚಟ್ನಿ ಹಿಡಿದುಕೊಳ್ಳುತ್ತದೆ, ಹರಿಯುವುದಿಲ್ಲ. ಕ್ಯಾರೆಟ್ ತುರಿದ ಮೇಲೆ ಹಿಂಡಿ. ಈರುಳ್ಳಿ ಸಣ್ಣಗೆ ಹೆಚ್ಚಿ ಬೇರೆ ಇಡಿ. ಬಿಡುವಿಗೆ ಹತ್ತು ನಿಮಿಷ ಇದೆ ಅನ್ನುವಾಗ ನಾನು ಮೆಲ್ಲಗೆ ಎದ್ದು ಅಡುಗೆಮನೆಗೆ ಹೋಗುತ್ತೇನೆ. ಚಟ್ನಿ, ಈರುಳ್ಳಿ, ಕ್ಯಾರೆಟ್, ಎರಡು ಹನಿ ನಿಂಬೆರಸ. ಅಷ್ಟೇ. ತನಿಯಾವರ್ತನ (ತಾಳವಾದ್ಯದವರು ಮಾತ್ರ ನುಡಿಸುವ ಭಾಗ) ಇರುವ ದಿನವಾದರೆ ಸಮಯದ ಅಂದಾಜೂ ಸಿಗುತ್ತದೆ. ಮಳೆಗಾಲದಲ್ಲಿ ಅಂತೂ ನಿಪ್ಪಟ್ಟಿನ ಪೊಟ್ಟಣವನ್ನೇ ಮುಂಚೆ ಬಿಚ್ಚಬೇಡಿ. ಗಾಳಿಯ ತೇವಕ್ಕೇ ಮೆತ್ತಗಾಗುತ್ತದೆ.

ಎರಡನೇ ನಿಲುಗಡೆ ವಿ.ವಿ. ಪುರಂನ ವಿ.ಬಿ. ಬೇಕರಿ. ತಿಂಡಿ ಬೀದಿಯ ಹತ್ತಿರವೇ ಇದೆ, 1953ರಿಂದ ನಡೆಯುತ್ತಿದೆ. ಇಲ್ಲಿ ಜನ ಮುಗಿಬೀಳುವುದು ಬೆಣ್ಣೆ ಸವರಿ ಕಾಂಗ್ರೆಸ್ ಕಡಲೆಬೀಜ ತುಂಬಿದ ಬನ್ನಿಗೆ. ಸಿಪ್ಪೆ ತೆಗೆದು ಎರಡು ಹೋಳಾದ ಕಡಲೆಬೀಜ, ಅದಕ್ಕೆ ಖಾರ, ಇಂಗು, ಕರಿಬೇವು. ಅದರ ಜೊತೆ ಸಿಹಿ ಸೋಕಿದ ಮೆತ್ತನೆ ಬನ್ನು ಮತ್ತು ಬೆಣ್ಣೆ. ಅಂಗಡಿ ಮುಂದೆ ನಿಂತು ತಿನ್ನಲು ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಮನೆ ತಟ್ಟೆಗೆ ಮಾತ್ರ ಬನ್ನು, ಕಾಂಗ್ರೆಸ್ ಬೇರೆ ಬೇರೆ ತಂದು ನಾವೇ ಸೇರಿಸುವುದು ಮೇಲು. ಕಾಂಗ್ರೆಸ್ಸಿನಲ್ಲಿ ಉಪ್ಪು ಇರುವುದರಿಂದ ಉಪ್ಪಿಲ್ಲದ ನಂದಿನಿ ಬೆಣ್ಣೆ ತಗೊಳ್ಳಿ. ಬೆಣ್ಣೆ ಧಾರಾಳವಾಗಿ ಸವರಿ, ಕಡಲೆಬೀಜವನ್ನು ಅದರೊಳಗೆ ಒತ್ತಿ, ಬನ್ನು ಮುಚ್ಚಿ ಹತ್ತು ನಿಮಿಷ ಫ್ರಿಜ್ಜಿನಲ್ಲಿಡಿ. ಬೆಣ್ಣೆ ಗಟ್ಟಿಯಾಗಿ ಬೀಜವನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ನಾಲ್ಕು ಭಾಗ ಮಾಡಿದರೆ ಒಂದು ಕಾಳೂ ಉದುರುವುದಿಲ್ಲ. ನಮ್ಮ ಮನೆಯಲ್ಲಿ ಮೊದಲು ಖಾಲಿಯಾಗುವ ತಟ್ಟೆ ಇದೇ.

ಖಾರಾ ಬಿಸ್ಕತ್ತನ್ನೂ ಅಲ್ಲಿಂದಲೇ ತರುತ್ತೇನೆ. ಕಾಫಿಗೆ ಅದರಷ್ಟು ಹೊಂದುವುದು ಇನ್ನೊಂದಿಲ್ಲ. ಪಲ್ಯದ ಬನ್ನು ಮಾತ್ರ ಯಾವ ಬೇಕರಿಯದೂ ಬೇಡ. ಸಂಜೆಗೆ ಆಲೂಗಡ್ಡೆ ಪಲ್ಯ ಹುಳಿ ವಾಸನೆ ತಿರುಗುವ ಸಾಧ್ಯತೆ ಇದೆ, ಕತ್ತರಿಸಿದರೂ ಜಾರುತ್ತದೆ. ಇನ್ನೊಂದು ಮಾತು. ಹಳೇ ಅಯ್ಯಂಗಾರ್ ಬೇಕರಿ ಪದ್ಧತಿಯಲ್ಲಿ ಮೊಟ್ಟೆ ಬಳಸುತ್ತಿರಲಿಲ್ಲ. ಈಗ ಊರಿನಲ್ಲಿ ಅದೇ ಬೋರ್ಡ್ ಹಾಕಿಕೊಂಡ ಕೆಲವು ಕಡೆ ಮೊಟ್ಟೆ ಕೇಕೂ ಇರುತ್ತದೆ. ಮನೆಗೆ ಬರುವವರಲ್ಲಿ ಮೊಟ್ಟೆ ತಿನ್ನದವರಿದ್ದರೆ ಕೇಳಿಯೇ ತಗೊಳ್ಳಿ.

ಹಣ್ಣಿಗೆ ಹಾಪ್‌ಕಾಮ್ಸ್. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಶುರುವಾದದ್ದು ಇದು. ಬೆಂಗಳೂರು ನೀಲಿ ದ್ರಾಕ್ಷಿ ನನಗೆ ತುಂಬಾ ಇಷ್ಟ. ಆದರೂ ಈ ತಟ್ಟೆಗೆ ಹಾಕುವುದಿಲ್ಲ. ಬೀಜ ಎಲ್ಲಿ ಉಗಿಯಬೇಕು ಅಂತ ಪಾಪ ಜನ ಸುತ್ತಮುತ್ತ ನೋಡುತ್ತಾರೆ. ಅದರ ಬದಲು ದೇವನಹಳ್ಳಿ ಚಕ್ಕೋತ ಸಿಕ್ಕ ದಿನ ಬಿಡಬೇಡಿ. ಸಿಪ್ಪೆ, ಒಳಪೊರೆ ಎರಡನ್ನೂ ಬಿಡಿಸಲು ಹೊತ್ತು ಹಿಡಿಯುತ್ತದೆ ನಿಜ. ಬಿಡಿಸಿದ ಮೇಲೆ ತೊಳೆ ಗಟ್ಟಿಯಾಗಿ ನಿಲ್ಲುತ್ತದೆ, ಕಿತ್ತಳೆಯಂತೆ ರಸ ಸುರಿಯುವುದಿಲ್ಲ. ಕರಿದ ತಿಂಡಿ ತಿಂದ ಬಾಯಿಗೆ ಆ ಹುಳಿಸಿಹಿ ಬಹಳ ಹಿತ. ಸಕ್ಕರೆ ಕಾಯಿಲೆ ಇರುವವರು ನಮ್ಮಲ್ಲಿ ಇಬ್ಬರು ಮೂವರಿದ್ದಾರೆ. ಅವರಿಗೆ ಸೀಬೇಕಾಯಿ ಹೋಳು, ಉಪ್ಪುಖಾರ ಪಕ್ಕದಲ್ಲಿ.

ಹಸಿ ತಿಂಡಿಯಲ್ಲಿ ಕೋಸಂಬರಿ ಇರಲೇಬೇಕು. ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದ ರಾಮೋತ್ಸವದ ಕಛೇರಿಗಳನ್ನು ಕೇಳುತ್ತಾ ಬೆಳೆದವರು ನಾವು. ಸಂಗೀತದ ಜೊತೆ ಕೋಸಂಬರಿ, ಪಾನಕ, ನೀರುಮಜ್ಜಿಗೆ ಇದ್ದರೇ ಮನಸ್ಸಿಗೆ ತೃಪ್ತಿ. ಆದರೆ ಚಮಚ ಇಲ್ಲದೆ ತಿನ್ನುವುದು ಹೇಗೆ? ಸೌತೆಕಾಯಿಯನ್ನು ಎರಡು ಬೆರಳು ದಪ್ಪದ ಬಿಲ್ಲೆ ಮಾಡಿ, ಮಧ್ಯದ ತಿರುಳು ತೆಗೆದು, ತಳ ಉಳಿಸಿ. ಆ ಕುಳಿಯಲ್ಲಿ ಕೋಸಂಬರಿ ತುಂಬಿ. ಹೆಸರುಬೇಳೆ ಒಂದು ಗಂಟೆ ನೆನೆದರೆ ಸಾಕು. ನೀರು ಬಸಿದು ಬಟ್ಟೆಯ ಮೇಲೆ ಹರಡಿ ಆರಿಸಿ. ಕಾಯಿತುರಿ, ಒಗ್ಗರಣೆ ಮುಂಚೆ ಹಾಕಬಹುದು. ಉಪ್ಪು, ನಿಂಬೆರಸ ಮಾತ್ರ ಕೊನೆಗೆ. ಉಪ್ಪು ಬಿದ್ದ ಕೂಡಲೇ ಸೌತೆ ನೀರು ಬಿಡಲು ಶುರುಮಾಡುತ್ತದೆ. ಕಾಯಿ ಇರುವ ಯಾವುದನ್ನೂ ಎರಡು ಗಂಟೆಗಿಂತ ಹೊರಗೆ ಇಡಬೇಡಿ.

ಜೋಡಿಸುವುದು ಅಡಿಕೆ ಹಾಳೆ ತಟ್ಟೆಯಲ್ಲಿ. ಸ್ಟೀಲ್ ತಟ್ಟೆ ಎತ್ತಿ ಇಡುವಾಗ ಸದ್ದಾಗುತ್ತದೆ, ನಿಪ್ಪಟ್ಟೂ ಜಾರುತ್ತದೆ. ಹಾಳೆ ಮೇಲೆ ಯಾವುದೂ ಜಾರುವುದಿಲ್ಲ, ಮಿಕ್ಕ ಎಣ್ಣೆಯನ್ನೂ ಸ್ವಲ್ಪ ಹೀರುತ್ತದೆ. ಕಾಂಗ್ರೆಸ್ ಕಡಲೆಬೀಜವನ್ನು ಹಾಗೇ ಸುರಿಯಬೇಡಿ, ಪುಟ್ಟ ದೊನ್ನೆಯಲ್ಲಿಡಿ. ಅರಿಶಿನ, ಖಾರ ಬೆರಳಿಗೆ ಅಂಟುತ್ತದೆ ಅಂತ ಮಕ್ಕಳಿಗೆ ಅದನ್ನು ಕಛೇರಿ ಪೂರ್ತಿ ಮುಗಿದ ಮೇಲೆಯೇ ಕೊಡುತ್ತೇವೆ. ಒಂದೇ ದೊಡ್ಡ ತಟ್ಟೆಗಿಂತ ಆರು ಜನಕ್ಕೊಂದು ಸಣ್ಣ ತಟ್ಟೆ ಒಳ್ಳೆಯದು. ಯಾರೂ ಎದ್ದು ಯಾರನ್ನೂ ದಾಟಬೇಕಾಗಿಲ್ಲ.

ಅಳತೆ: ಆಮೇಲೆ ಊಟ ಇದ್ದರೆ ಒಬ್ಬರಿಗೆ ಐದಾರು ತುಂಡು, ಊಟ ಇಲ್ಲದಿದ್ದರೆ ಹತ್ತು. ಹಣ್ಣು ಈ ಲೆಕ್ಕಕ್ಕೆ ಸೇರಿಲ್ಲ. 25 ಜನರಿಗೆ ನನಗೆ ಎಲ್ಲಾ ಸೇರಿ 3,000 ರೂಪಾಯಿ ದಾಟಿಲ್ಲ. ಆ ರೆಡಿ ಡಬ್ಬದ ಬೆಲೆಗೆ ಹೋಲಿಸಿ ನೋಡಿ.

ಬೆಳಗ್ಗೆಯೇ ಹೋಗಿಬನ್ನಿ. ಸಂಜೆ ತಿಂಡಿ ಬೀದಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಗಾಡಿ ನಿಲ್ಲಿಸುವುದಂತೂ ದೂರದ ಮಾತು. ಹಸಿರು ಮಾರ್ಗದ ನ್ಯಾಷನಲ್ ಕಾಲೇಜ್ ಮೆಟ್ರೋ ನಿಲ್ದಾಣದಲ್ಲಿ ಇಳಿದರೆ ಎರಡೂ ಕಡೆಗೆ ನಡೆದೇ ಹೋಗಬಹುದು. ಕೈಚೀಲ ಎರಡು ಇರಲಿ, ಬನ್ನಿನ ಮೇಲೆ ಚಕ್ಕೋತ ಕೂರಬಾರದು. ಡಿಸೆಂಬರ್, ಜನವರಿಯಲ್ಲಿ ಹೋದರೆ ಸಜ್ಜನರಾವ್ ಸರ್ಕಲ್ ಸುತ್ತ ಎಲ್ಲೆಲ್ಲೂ ಅವರೆಕಾಯಿ. ಆ ಎರಡು ತಿಂಗಳು ನಮ್ಮ ದೊನ್ನೆಗಳಲ್ಲಿ ಕಾಂಗ್ರೆಸ್ ಬದಲು ಕರಿದ ಹಿತಕಿದ ಅವರೆಬೇಳೆ ಇರುತ್ತದೆ. ಕಾಲು ಕೆಜಿ ಜಾಸ್ತಿಯೇ ತನ್ನಿ.