ಮದ್ದೂರು–ಬೆಂಗಳೂರು ತಿಂಗಳ ಪಾಸ್: ಐದಕ್ಕೆ ಮೂರು ಸ್ಟಾರ್

ಜನ ಮಿಕ್ಸಿಗೆ ರಿವ್ಯೂ ಬರೆಯುತ್ತಾರೆ, ಚಪ್ಪಲಿಗೆ ಬರೆಯುತ್ತಾರೆ. ಅಕ್ಕಿ, ಬೇಳೆ, ಗ್ಯಾಸ್ ಬಿಟ್ಟರೆ ನಾನು ತಿಂಗಳು ತಪ್ಪದೆ ಕೊಳ್ಳುವುದು ರೈಲಿನ ಸೀಸನ್ ಪಾಸ್. ಅದಕ್ಕೆ ಯಾರೂ ರಿವ್ಯೂ ಬರೆದದ್ದು ನೋಡಿಲ್ಲ. ಹಾಗಾಗಿ ಇದು.

ನಾನು ಹತ್ತುವುದು ಮದ್ದೂರಿನಲ್ಲಿ, ಇಳಿಯುವುದು ಮೆಜೆಸ್ಟಿಕ್‌ನಲ್ಲಿ. ಹತ್ತಿರ ಹತ್ತಿರ 75 ಕಿಲೋಮೀಟರ್. ಅಲ್ಲಿಂದ ಚಿಕ್ಕಪೇಟೆಗೆ ನಡೆದೇ ಹೋಗುತ್ತೇನೆ. ಅಲ್ಲೊಂದು ಬಟ್ಟೆ ಹೋಲ್‌ಸೇಲ್ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಗಾಡಿಯ ಹೆಸರು, ನಂಬರ್ ಹೇಳುವುದಿಲ್ಲ. ಈ ದಾರಿಯಲ್ಲಿ ಓಡಾಡುವವರಿಗೆ ಹೇಳದೆಯೂ ಗೊತ್ತಾಗುತ್ತದೆ.

ಮೊದಲು ಬೆಲೆ. ಇದರಲ್ಲಿ ತಕರಾರೇ ಇಲ್ಲ. ಕೌಂಟರ್‌ನಲ್ಲಿ 500ರ ನೋಟು ಕೊಟ್ಟರೆ ಚಿಲ್ಲರೆ ವಾಪಸ್ ಬರುತ್ತದೆ, ಒಂದು ತಿಂಗಳು ಹೋಗಿ ಬರಬಹುದು. ಬೆಂಗಳೂರಿನಲ್ಲಿ ಒಂದು ಸಲ ದೂರದ ಆಟೋ ಹತ್ತಿಳಿದರೆ ಅಷ್ಟು ಹೋಗುತ್ತದೆ. 150 ಕಿಲೋಮೀಟರ್‌ವರೆಗೆ ಈ ಪಾಸ್ ಕೊಡುತ್ತಾರೆ, ಹಾಗಾಗಿ ಮೈಸೂರಿನಿಂದ ದಿನಾ ಬರುವವರೂ ನಮ್ಮ ಜೊತೆ ಇದ್ದಾರೆ. ಅವರನ್ನು ನೋಡಿದಾಗ ನನ್ನ ಗೋಳು ಸಣ್ಣದು ಅನ್ನಿಸುತ್ತದೆ. ರಿಸರ್ವೇಷನ್ ಬೋಗಿಗೆ ಇದು ನಡೆಯುವುದಿಲ್ಲ. ಸೂಪರ್‌ಫಾಸ್ಟ್ ಗಾಡಿಗೆ ಬೇರೆ ದುಡ್ಡು ಕಟ್ಟಬೇಕು.

"ನೀವು ಹೆಂಗಸರು, ನಿಮಗೆ ಬಸ್ಸೇ ಫ್ರೀ ಅಲ್ವಾ?" ಅಂತ ಎಲ್ಲರೂ ಕೇಳುತ್ತಾರೆ. ನಿಜ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗ ನಾನೂ ಎರಡು ತಿಂಗಳು ಪಾಸ್ ಬಿಟ್ಟು ಬಸ್ಸಿಗೆ ಹೋದೆ. ಆಧಾರ್ ತೋರಿಸಿದರೆ ಸೊನ್ನೆ ರೂಪಾಯಿಯ ಟಿಕೆಟ್. ಆದರೆ ಅದೇ ವರ್ಷ ಹೊಸ ಹೆದ್ದಾರಿಯೂ ಬಂತಲ್ಲ, ಬೈಪಾಸ್‌ನಲ್ಲೇ ಹೋಗಿಬಿಡುವ ಬಸ್ಸುಗಳು ಜಾಸ್ತಿ, ಊರೊಳಗೆ ಬರುವವು ಕಡಿಮೆ. ಬಂದದ್ದರಲ್ಲಿ ಕಾಲಿಡಲು ಜಾಗವಿಲ್ಲ. ಹತ್ತಿದರೂ ಬಿಡದಿವರೆಗೆ ಜುಮ್ಮಂತ ಹೋಗಿ, ಕೆಂಗೇರಿಯಿಂದ ಸ್ಯಾಟಲೈಟ್ ಸ್ಟ್ಯಾಂಡ್‌ವರೆಗೆ ತೆವಳುತ್ತದೆ. ಜೊತೆಗೆ ನನಗೆ ಬಸ್ಸಿನಲ್ಲಿ ತಲೆ ಸುತ್ತು ಬೇರೆ. ಮೂರನೇ ತಿಂಗಳು ಸುಮ್ನೆ ಬಂದು ಪಾಸ್ ಮಾಡಿಸಿಕೊಂಡೆ. ಬಿಟ್ಟಿ ಸಿಗುವುದನ್ನು ಬಿಟ್ಟು ದುಡ್ಡು ಕೊಡುವ ದಡ್ಡಿ ಅಂತ ನಮ್ಮತ್ತೆ ಇವತ್ತಿಗೂ ಆಡಿಕೊಳ್ಳುತ್ತಾರೆ.

ಪಾಸ್ ಕೊಡುವುದು ಹತ್ತುವ ಹಕ್ಕನ್ನು ಮಾತ್ರ. ಕೂರುವ ಹಕ್ಕು ಮಂಡ್ಯದಲ್ಲೇ ಮುಗಿದಿರುತ್ತದೆ. ನಮ್ಮ ಪ್ಲಾಟ್‌ಫಾರಂಗೆ ಗಾಡಿ ಬರುವಾಗ ಸೀಟುಗಳ ಮೇಲೆ ಜನ, ಜನರ ಮಧ್ಯೆ ಬ್ಯಾಗು, ಜಾಗ ಉಳಿದಲ್ಲಿ ಟವೆಲ್ಲು. ಟವೆಲ್ಲಿನ ಯಜಮಾನ ಎಲ್ಲಿ ಅಂದರೆ "ಬತ್ತಾರೆ, ಬತ್ತಾರೆ" ಅನ್ನುತ್ತಾರೆ. ಚನ್ನಪಟ್ಟಣ ದಾಟಿದರೂ ಬರುವುದಿಲ್ಲ. ಹಾಗಂತ ಎಲ್ಲರೂ ಕಟುಕರಲ್ಲ. ಹೂವಿನ ಬುಟ್ಟಿ ಹೊತ್ತು ಬರುವ ಒಬ್ಬ ಅಜ್ಜಿ ಇದ್ದಾರೆ. ನನ್ನ ಮುಖ ನೋಡಿದ ಕೂಡಲೇ ಪಕ್ಕದವರ ತೊಡೆಗೆ ತಟ್ಟಿ, "ವಸಿ ಅಂಗೆ ಸರ್ಕೊಳವ್ವ, ಮಗ ನಿಂತದೆ" ಅನ್ನುತ್ತಾರೆ. ನನಗೆ 43 ವರ್ಷ. ಆ ಮಾತಿಗೆ ನಾಲ್ಕು ಬೆರಳಿನಷ್ಟು ಜಾಗ ಆಗುತ್ತದೆ, ರಾಮನಗರದವರೆಗೆ ಅರ್ಧ ಕುಂಡಿಯಲ್ಲಿ ಕೂರುತ್ತೇನೆ.

ಈಗ ಮುಖ್ಯ ದೂರಿಗೆ ಬರುತ್ತೇನೆ. ಪಾಸಿನ ಮೇಲೆ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಅಂತ ಇರುತ್ತದೆ. ಎಷ್ಟು ಹೊತ್ತಿಗೆ ತಲುಪಿಸುತ್ತಾರೆ ಅನ್ನುವುದು ಇರುವುದಿಲ್ಲ. ಕೆಂಗೇರಿವರೆಗೆ ಎಲ್ಲ ಸರಿ ಇರುತ್ತದೆ. ಜ್ಞಾನಭಾರತಿ, ನಾಯಂಡಹಳ್ಳಿ ದಾಟಿದ ಮೇಲೆ ಗಾಡಿ ಒಂದು ನಿಟ್ಟುಸಿರು ಬಿಟ್ಟು ನಿಲ್ಲುತ್ತದೆ. ಔಟರ್, ಅಂದರೆ ಸ್ಟೇಷನ್ನಿನೊಳಗೆ ಬಿಡುವ ಮುಂಚೆ ಕಾಯಿಸುವ ಜಾಗ. ಫ್ಯಾನ್ ಸದ್ದು ಮಾತ್ರ ಕೇಳುತ್ತದೆ. ಪಕ್ಕದ ಮನೆಯ ತಾರಸಿಯಲ್ಲಿ ಒಬ್ಬಾಕೆ ಬಟ್ಟೆ ಒಣಗಹಾಕುತ್ತಿರುತ್ತಾಳೆ. ಒಂದು ದಿನ ಆಕೆ ಬಕೆಟ್ ಪೂರ್ತಿ ಒಣಗಹಾಕಿ, ಒಳಗೆ ಹೋಗಿ, ಇನ್ನೊಂದು ಬಕೆಟ್ ತಂದು, ಅದನ್ನೂ ಮುಗಿಸಿದಳು. ನಾವು ಅಲ್ಲೇ ಇದ್ದೆವು. ಯಾಕೆ ನಿಂತಿದೆ, ಇನ್ನೆಷ್ಟು ಹೊತ್ತು ಅಂತ ಹೇಳುವವರು ಯಾರೂ ಇಲ್ಲ. ಹುಡುಗರು ಹಳಿಗೆ ಧುಮುಕಿ ನಡೆದುಬಿಡುತ್ತಾರೆ. ಸೀರೆ ಉಟ್ಟವರು, ಬುಟ್ಟಿ ಹೊತ್ತವರು ಕೂತಿರಬೇಕು.

ಮೊದಲೆಲ್ಲ ಕ್ರಾಸಿಂಗ್ ಅನ್ನುತ್ತಿದ್ದರು, ಒಂದೇ ಹಳಿ, ಏನು ಮಾಡೋದು ಅಂತ ನಾವೂ ಸುಮ್ಮನಿದ್ದೆವು. ಈಗ ಜೋಡಿ ಹಳಿ ಇದೆ. ಆ ಜೋಡಿ ಹಳಿಗೆ ಅಡ್ಡ ಇತ್ತು ಅಂತ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ಮದ್ದಿನ ಮನೆಯನ್ನು 2017ರಲ್ಲಿ ಬುಡಸಮೇತ ಎತ್ತಿ ಪಕ್ಕಕ್ಕೆ ಸರಿಸಿದರು. ಒಡೆಯದೆ, ಇಡೀ ಕಟ್ಟಡವನ್ನೇ! ಅದು ಸರಿಯಿತು. ನಮ್ಮ ಗಾಡಿ ನಾಯಂಡಹಳ್ಳಿಯಿಂದ ಸರಿಯುವುದಿಲ್ಲ.

ಅಂಗಡಿಯಲ್ಲಿ ಸೇಟು ಒಳ್ಳೆಯವರೇ. ಆದರೆ ಒಂದು ದಿನ ಗಡಿಯಾರ ನೋಡಿ ಕೇಳಿಯೇ ಬಿಟ್ಟರು, "ಮೇಡಂ, ದಿನಾ ಟ್ರೈನ್ ಲೇಟಾ, ಇಲ್ಲಾ ನೀವಾ?" ಆ ಮಾತು ನಾಟಿತು. ಲೆಕ್ಕದವಳಲ್ವಾ, ಒಂದು ತಿಂಗಳು ಬರೆದಿಟ್ಟೆ. ಒಟ್ಟು 24 ದಿನ ಓಡಾಡಿದ್ದೆ. 11 ದಿನ ಐದು ನಿಮಿಷದ ಆಚೀಚೆ. 8 ದಿನ ಹತ್ತರಿಂದ ಇಪ್ಪತ್ತು ನಿಮಿಷ ತಡ. 4 ದಿನ ಅರ್ಧ ಗಂಟೆಯ ಮೇಲೆ. ಒಂದು ದಿನ 55 ನಿಮಿಷ, ಅದೇ ಎರಡು ಬಕೆಟ್ ಬಟ್ಟೆಯ ದಿನ.

ಅರ್ಧಕ್ಕರ್ಧ ದಿನ ಸರಿಯಾಗಿಯೇ ಇದೆಯಲ್ಲ ಅನ್ನಬಹುದು. ತೊಂದರೆ ಇರುವುದೇ ಅಲ್ಲಿ. ಆ 11 ದಿನ ಯಾವುವು ಅಂತ ಹಿಂದಿನ ರಾತ್ರಿ ನನಗೆ ಗೊತ್ತಿರುವುದಿಲ್ಲ. ಅದಕ್ಕೇ ಆ ತಿಂಗಳು ಮುಗಿದ ಮೇಲೆ ಅದಕ್ಕಿಂತ ಮುಂಚಿನ ಗಾಡಿಗೆ ಬದಲಾಯಿಸಿದೆ. ಆಗ 5.45ಕ್ಕೆ ಏಳುತ್ತಿದ್ದವಳು ಈಗ 4.45ಕ್ಕೆ ಏಳುತ್ತೇನೆ. ಕತ್ತಲಲ್ಲಿ ಕುಕ್ಕರ್ ಕೂಗಿಸುತ್ತೇನೆ. ಗಾಡಿ ಸರಿಯಾದ ಹೊತ್ತಿಗೆ ಬಂದ ದಿನ ಅಂಗಡಿಯ ಷಟರ್ ಮುಚ್ಚಿರುತ್ತದೆ. ಮೆಟ್ಟಿಲ ಮೇಲೆ ಪೇಪರ್ ಹಾಸಿ ಮುಕ್ಕಾಲು ಗಂಟೆ ಕೂರುತ್ತೇನೆ, ಬಟ್ಟೆ ಮೂಟೆ ಇಳಿಸುವ ಹಮಾಲರು ಮಾತಾಡಿಸಿಕೊಂಡು ಹೋಗುತ್ತಾರೆ. ತಡವಾದ ದಿನಕ್ಕೆ ಹೆದರಿ, ತಡವಾಗದ ದಿನದ ನಿದ್ದೆಯನ್ನೂ ಕೊಟ್ಟಿದ್ದೇನೆ. ತಿಂಗಳಿಗೆ 24 ಗಂಟೆ, ಅಂದರೆ ಪೂರ್ತಿ ಒಂದು ದಿನ. ಪಾಸಿನ ನಿಜವಾದ ಬೆಲೆಯಲ್ಲಿ ಇದನ್ನೂ ಸೇರಿಸಿಕೊಳ್ಳಿ.

ಮೊಬೈಲ್‌ನಲ್ಲೂ ಪಾಸ್ ತೆಗೆದುಕೊಳ್ಳಬಹುದು. ನಾನು ಮಾತ್ರ ಬೇಡ ಅನ್ನುತ್ತೇನೆ. ಒಂದು ಸಂಜೆ ವಾಪಸ್ ಬರುವಾಗ ಚೆಕಿಂಗ್ ಬಂತು, ಫೋನ್ ಚಾರ್ಜ್ ಸತ್ತಿತ್ತು. ತೋರಿಸಲಾಗದ ಪಾಸ್ ಇಲ್ಲದ ಪಾಸ್‌ಗೆ ಸಮ. ಟಿಕೆಟ್ ಇಲ್ಲದವರಿಗೆ ಹಾಕುವ ದಂಡ ಕಡಿಮೆ ಅಂದರೂ 250 ರೂಪಾಯಿ, ಮೇಲೆ ಟಿಕೆಟ್ ದುಡ್ಡು. ಎದುರು ಸೀಟಿನವರ ಪವರ್ ಬ್ಯಾಂಕ್‌ನಿಂದ ಬದುಕಿಕೊಂಡೆ. ಅಂದಿನಿಂದ ಕಾಗದದ ಪಾಸೇ. ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ ಇಟ್ಟುಕೊಳ್ಳಿ, ಬೆವರಿಗೆ ಅಕ್ಷರ ಅಳಿಸಿಹೋಗುತ್ತದೆ.

ಹಾಗಾದರೆ ಮೂರು ಸ್ಟಾರ್ ಯಾಕೆ, ಒಂದು ಸಾಕಲ್ವಾ? ಸಂಜೆಯ ಗಾಡಿಗಾಗಿ. ಕೆಂಗೇರಿಯಲ್ಲಿ ಒಂದಷ್ಟು ಜನ ಇಳಿಯುತ್ತಾರೆ, ರಾಮನಗರದಲ್ಲಿ ಇನ್ನಷ್ಟು. ಆಮೇಲೆ ಬೋಗಿ ನಮ್ಮದು. ಚಳಿಗಾಲದಲ್ಲಿ ಮಾರ್ಕೆಟ್‌ನಿಂದ ಅವರೆಕಾಯಿ ತಂದಿರುತ್ತೇವೆ. ಒಬ್ಬರ ಸೆರಗಿನಲ್ಲಿ ಕಾಳು, ಇನ್ನೊಬ್ಬರ ಚೀಲದಲ್ಲಿ ಸಿಪ್ಪೆ. ಯಾರ ಕಾಯಿ ಯಾರು ಸುಲಿಯುತ್ತಿದ್ದೇವೆ ಅಂತ ಲೆಕ್ಕವಿಲ್ಲ. ಒಂದು ಸಲ ಹಾಗೆ ಸುಲಿಯುತ್ತಲೇ ಒಬ್ಬರ ಮಗಳ ಮದುವೆ ಮಾತು ಮುಗಿಯಿತು, ಗಂಡು ಶೆಟ್ಟಿಹಳ್ಳಿ ಕಡೆಯದು. ಮದ್ದೂರು ಬರುವಷ್ಟರಲ್ಲಿ ರಾತ್ರಿಯ ಸಾರಿಗೆ ಕಾಳು ತಯಾರು. ಸಿಪ್ಪೆಯನ್ನು ಸೀಟಿನ ಕೆಳಗೆ ತಳ್ಳುವವರೂ ಇದ್ದಾರೆ, ಅವರ ಜೊತೆ ನಾನು ಕೂರುವುದಿಲ್ಲ.

ಹೊಸದಾಗಿ ಪಾಸ್ ಮಾಡಿಸುವವರಿಗೆ ಒಂದೇ ಮಾತು. ಸೋಮವಾರ ಬೆಳಗ್ಗೆ ಕೌಂಟರ್ ಹತ್ತಿರ ಹೋಗಬೇಡಿ, ಕ್ಯೂನಲ್ಲಿ ನಿಂತೇ ಗಾಡಿ ತಪ್ಪುತ್ತದೆ. ನನ್ನ ಪಾಸ್ ಈ ಸಲ ಸೋಮವಾರಕ್ಕೆ ಮುಗಿಯುತ್ತದೆ. ಭಾನುವಾರ ಸಂಜೆಯೇ ಹೋಗಿ ಮಾಡಿಸಿಕೊಂಡು, ಉಳಿದ ಚಿಲ್ಲರೆಗೆ ಅತ್ತೆಗೆ ನಾಲ್ಕು ವಡೆ ಕಟ್ಟಿಸಿಕೊಂಡು ಬರುತ್ತೇನೆ.