ಲಿವರ್ ಕಸಿ ಆದವರ ಹೆಪಟೈಟಿಸ್ ಇ ಟೆಸ್ಟ್: ಬೆಳಗಾವಿಯ ಟಿಳಕವಾಡಿ ಕಡೆಯ ಒಂದು ಸ್ಯಾಂಪಲ್ ಸೆಂಟರ್

ರಕ್ತ ತೆಗೆಯುವವರ ಕೈ ಚಲೋ ಐತಿ, ಕೌಂಟರಿನವರದೇ ಕಾಟ. ಐದಕ್ಕೆ ಮೂರು ಸ್ಟಾರ್.

ಅಥಣಿ, ಗೋಕಾಕ, ಬೈಲಹೊಂಗಲ ಕಡೆಯ ಕಸಿ ರೋಗಿಗಳು ರಕ್ತ ಕೊಡಲೆಂದೇ ಬೆಂಗಳೂರಿಗೆ ಹೋಗಬೇಕಿಲ್ಲ. ಲಿವರ್ ಸ್ಥಿತಿ ತೋರಿಸುವ ಎಸ್‌ಜಿಪಿಟಿ, ರಕ್ತಕಣ ಎಣಿಸುವ ಸಿಬಿಸಿ ಅದೇ ಸಂಜೆ ವಾಟ್ಸಾಪ್‌ಗೆ ಬರುತ್ತವೆ. ವೈರಸ್ಸನ್ನೇ ನೇರವಾಗಿ ಹುಡುಕುವ ಪಿಸಿಆರ್ ಹೊರಗಿನ ಊರಿಗೆ ಹೋಗುವುದರಿಂದ ಐದಾರು ದಿನ ಹಿಡಿಯುತ್ತದೆ.

ತೊಂದರೆ ಬಿಲ್ಲಿನಲ್ಲಿ. ಚೀಟಿಯಲ್ಲಿ ಬರೀ ‘ಹೆಪಟೈಟಿಸ್ ಇ’ ಎಂದಿದ್ದರೆ ಆಂಟಿಬಾಡಿ (ಸೋಂಕಿನ ವಿರುದ್ಧ ದೇಹ ಹುಟ್ಟಿಸುವ ಪ್ರತಿಕಾಯ) ನೋಡುವ ಐಜಿಎಂ ಎಲೈಸಾ ಒತ್ತಿ ‘ಆತ್ರೀ, ಕುಂದರ್ರಿ’ ಅಂತಾರೆ. ಮಳೆಗಾಲದಲ್ಲಿ ಹೊಲಸು ನೀರು ಕುಡಿದು ಕಾಮಾಲೆ ಬಂದವರಿಗೆ ಅದು ಸಾಕು. ಹೊಸ ಲಿವರನ್ನು ದೇಹ ತಿರಸ್ಕರಿಸದಂತೆ ರೋಗನಿರೋಧಕ ಶಕ್ತಿ ತಗ್ಗಿಸುವ ಗುಳಿಗೆ ಟ್ಯಾಕ್ರೊಲಿಮಸ್ ನುಂಗುವವರಲ್ಲಿ ಸೋಂಕಿದ್ದರೂ ಆಂಟಿಬಾಡಿ ಏಳದೇ ಇರಬಹುದು. ವರದಿ ನೆಗೆಟಿವ್, ವೈರಸ್ ಒಳಗೇ. ಕಣ್ಣು ಹಳದಿಯಾಗುವುದಿಲ್ಲ, ಎಸ್‌ಜಿಪಿಟಿ ಮಾತ್ರ 100–300ರ ನಡುವೆ ಓಡಾಡುತ್ತದೆ. ಅದನ್ನೇ ರಿಜೆಕ್ಷನ್ (ದೇಹ ಹೊಸ ಲಿವರನ್ನು ತಿರಸ್ಕರಿಸುವುದು) ಎಂದು ಸ್ಟೀರಾಯ್ಡ್ ಏರಿಸಿದರೆ ರೋಗನಿರೋಧಕ ಶಕ್ತಿ ಇನ್ನೂ ಕುಗ್ಗಿ ವೈರಸ್‌ಗೆ ಹಬ್ಬ. ಕಸಿ ಆದವರಲ್ಲಿ ಇದು ದೀರ್ಘಕಾಲ ಉಳಿದು, ಲಿವರ್ ಗಟ್ಟಿಯಾಗುವ ಸಿರೋಸಿಸ್‌ವರೆಗೂ ಹೋಗಬಹುದು ಎಂದು 2008ರಿಂದಲೇ ಗೊತ್ತು. ಹಾಗೆ ಉಳಿಯುವುದು ಮುಖ್ಯವಾಗಿ ವೈರಸ್ಸಿನ ಜೀನೋಟೈಪ್ (ತಳಿ) 3, ನಮ್ಮಲ್ಲಿ ಹೆಚ್ಚು ಕಾಣುವುದು 1. ಹಾಗಂತ ಟೆಸ್ಟ್ ಬಿಡುವಂತಿಲ್ಲ. ‘ಎಚ್‌ಇವಿ ಆರ್‌ಎನ್‌ಎ ಪಿಸಿಆರ್, ಕ್ವಾಂಟಿಟೇಟಿವ್’ (ಹೆಪಟೈಟಿಸ್ ಇ ವೈರಸ್ ಎಷ್ಟಿದೆ ಎಂದು ಅಳೆಯುವ ಟೆಸ್ಟ್) ಎಂದು ಡಾಕ್ಟರ ಕಡೆಯಿಂದ ಬರೆಸಿಕೊಂಡು ಬನ್ನಿ, ಬಿಲ್ಲಿನಲ್ಲೂ ಅದೇ ಇದೆಯೇ ಓದಿ ಹಣ ಕೊಡಿ. ಎಲೈಸಾಕ್ಕಿಂತ ದುಬಾರಿ.

ಒಳಗಿನ ಕೆಲಸಕ್ಕೆ ಪೂರ್ತಿ ಅಂಕ. ನೇರಳೆ ಮುಚ್ಚಳದ ಎರಡು ಟ್ಯೂಬ್ ತುಂಬಿ, ಕುಲುಕದೆ ಎಂಟು-ಹತ್ತು ಸಲ ಮೆಲ್ಲಗೆ ಮಗುಚುತ್ತಾರೆ. ಪಿಸಿಆರ್‌ನದನ್ನು ಸೆಂಟ್ರಿಫ್ಯೂಜ್‌ಗೆ ಹಾಕಿ, ಮೇಲಿನ ಹಳದಿ ಪ್ಲಾಸ್ಮಾವನ್ನು ಬೇರೆ ಟ್ಯೂಬಿಗೆ ಎಳೆದು ಫ್ರೀಜರ್‌ಗೆ ಇಡುತ್ತಾರೆ. ರಕ್ತದಲ್ಲಿ ಟ್ಯಾಕ್ರೊಲಿಮಸ್ ಮಟ್ಟ ಅಳೆಯುವ ಇನ್ನೊಂದು ಟ್ಯೂಬನ್ನು ಹಾಗೇ ಬಿಡುತ್ತಾರೆ; ಔಷಧ ಹೆಚ್ಚಾಗಿ ಕೆಂಪು ಕಣಗಳಲ್ಲೇ ಕೂತಿರುತ್ತದೆ, ಇಡೀ ರಕ್ತವೇ ಬೇಕು. ಒಂದೇ ಬಣ್ಣದ ಟ್ಯೂಬ್ ಆದ್ದರಿಂದ ಹಲವೆಡೆ ಇಲ್ಲೇ ಅದಲು-ಬದಲಾಗುತ್ತದೆ.

ಆದರೆ ‘ಬೆಳಿಗ್ಗೆ ಗುಳಿಗೆ ತಗೊಂಡೀರೇನು?’ ಎಂದು ಯಾರೂ ಕೇಳುವುದಿಲ್ಲ. ರಾತ್ರಿ 9ಕ್ಕೆ ನುಂಗಿದ್ದರೆ ಬೆಳಿಗ್ಗೆ 9ರ ಸುಮಾರಿಗೆ, ಮುಂದಿನ ಗುಳಿಗೆಗೆ ಮೊದಲು ರಕ್ತ ಕೊಡಬೇಕು. ಅಥಣಿಯ ಬಸ್ ಹತ್ತುವ ಮುನ್ನ ನುಂಗಿ ಬಂದರೆ ಮಟ್ಟ ಸುಳ್ಳೇ ಮೇಲೆ ತೋರಿಸುತ್ತದೆ. ಈ ಸೋಂಕಿಗೆ ಮೊದಲ ಹೆಜ್ಜೆಯೇ ಟ್ಯಾಕ್ರೊಲಿಮಸ್ ಇಳಿಸುವುದು, ಸುಮಾರು ಮೂರರಲ್ಲೊಬ್ಬರಿಗೆ ಅಷ್ಟರಲ್ಲೇ ವೈರಸ್ ಹೋಗುತ್ತದೆ. ಅಳತೆಯೇ ತಪ್ಪಿದರೆ ಎಷ್ಟು ಇಳಿಸುತ್ತೀರಿ? ಅತಿಯಾದರೆ ಹೊಸ ಲಿವರ್‌ಗೇ ಕುತ್ತು. ಗುಳಿಗೆ ಜೇಬಿನಲ್ಲಿಟ್ಟುಕೊಂಡು ಬನ್ನಿ, ರಕ್ತ ಕೊಟ್ಟು ನುಂಗಿ.

ಇಳಿಸಿದ ಮೇಲೂ ಮೂರು ತಿಂಗಳು ಪಿಸಿಆರ್ ಪಾಸಿಟಿವ್ ಇದ್ದರೆ ಸಾಮಾನ್ಯವಾಗಿ ವೈರಸ್ ವಿರುದ್ಧದ ಔಷಧ ರೈಬಾವಿರಿನ್, 12 ವಾರ. ಅದು ಹಿಮೋಗ್ಲೋಬಿನ್ ಇಳಿಸುವುದರಿಂದ ಸಿಬಿಸಿ ಮೇಲಿಂದ ಮೇಲೆ ಬೇಕು, ಅದಕ್ಕೆ ಈ ಸೆಂಟರ್ ಒಳ್ಳೆಯದು. ರೈಬಾವಿರಿನ್ ನಿಲ್ಲಿಸುವ ಮುನ್ನ ಮಾತ್ರ ಸೆಂಟರ್ ಕೈಕೊಡುತ್ತದೆ. ರಕ್ತ ಸ್ವಚ್ಛವಾದರೂ ಮಲದಲ್ಲಿ ವೈರಸ್ ಉಳಿದಿದ್ದರೆ ರೋಗ ಮರುಕಳಿಸುವ ಸಂಭವ ಹೆಚ್ಚು, ಎರಡರದ್ದೂ ಪಿಸಿಆರ್ ಆಗಬೇಕು. ಇಲ್ಲಿ ಮಲದ ಸ್ಯಾಂಪಲ್ ತಗೊಳ್ಳುವುದೇ ಇಲ್ಲ. ಅದನ್ನು ಕಸಿ ಮಾಡಿದ ಆಸ್ಪತ್ರೆಯಲ್ಲೇ ಕೊಡಬೇಕು.

ಭಾನುವಾರ ಕೊರಿಯರ್ ಇಲ್ಲ, ಶನಿವಾರ ಮಧ್ಯಾಹ್ನದ ಮೇಲೆ ಪಿಸಿಆರ್‌ಗೆ ಹೋಗಬೇಡಿ.